ಮಾಜಿ ಹೆಂಡತಿಯ ಪೆನ್ಷನ್ನು

ಶುಕ್ರವಾರ ಬೆಳಗ್ಗೆ ಹಲ್ಲುಜ್ಜುತ್ತಾ ಫೋನು ನೋಡಿದ್ದೇ ಚಂದ್ರಮೌಳಿಯ ತಪ್ಪಾಯಿತು. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವನ ಮಾಜಿ ಹೆಂಡತಿ ಕೌಸಲ್ಯಾ ಹೂವಿನ ಗುಚ್ಛ ಹಿಡಿದು ನಗುತ್ತಿದ್ದಳು. ಸರ್ಕಾರಿ ಗ್ರಂಥಾಲಯದ ಕೆಲಸದಿಂದ ನಿವೃತ್ತಿಯಂತೆ. ಕೆಳಗೆ ಯಾರೋ ‘ಇನ್ನೇನು ಮೇಡಂ, ಆರಾಮಾಗಿ ಪೆನ್ಷನ್ ತಗೊಂಡು ಇರಿ’ ಎಂದು ಬರೆದಿದ್ದರು. ಚಂದ್ರಮೌಳಿಯ ಬಾಯಲ್ಲಿದ್ದ ಪೇಸ್ಟು ಕಹಿಯಾಯಿತು.

ಹಾಗೆ ನೋಡಿದರೆ ಪೆನ್ಷನ್ ಅವನಿಗೂ ಬರುತ್ತಿತ್ತು. ಸಂಸಾರ ಮಾಡಿದಷ್ಟೂ ಕಾಲ ವಿಮಾನದ ಕಂಪನಿಯೊಂದರಲ್ಲಿ ದುಡಿದು ಗಳಿಸಿದ್ದು. ಆದರೆ ಅದೊಂದನ್ನೇ ನಂಬಿದರೆ ಈ ಪರದೇಶದಲ್ಲಿ ಲಿನ್‌ವುಡ್ಡಿನ ಅಪಾರ್ಟ್‌ಮೆಂಟಿನ ಬಾಡಿಗೆ ಕಟ್ಟಿ, ಅನ್ನ ಸಾರಿನಲ್ಲಿ ಒಂದನ್ನು ಬಿಡಬೇಕಾಗುತ್ತಿತ್ತು. ಹಾಗಾಗಿ ಅರವತ್ತು ದಾಟಿದ ಮೇಲೂ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಚಂದನ್ ಎಂಬ ಹುಡುಗ ಮ್ಯಾನೇಜರನ ಕೈಕೆಳಗೆ ಜೀವ ತೇಯುತ್ತಿದ್ದ. ‘ಮೌಳಿ ಸರ್, ನಿನ್ನೆ ಏನು ಮಾಡಿದ್ರಿ?’ ಎಂದು ಚಂದನ್ ದಿನಾ ಬೆಳಗ್ಗೆ ಇಡೀ ತಂಡದ ಮುಂದೆ ಕೇಳುತ್ತಿದ್ದ. ಆ ಪ್ರಶ್ನೆ ಕೇಳಿಸಿಕೊಳ್ಳದೆ ಕಾಫಿ ಕುಡಿಯುವ ಯೋಗ ಬರಲಿ ಎಂಬುದಷ್ಟೇ ಚಂದ್ರಮೌಳಿಗೆ ಉಳಿದಿದ್ದ ಆಸೆ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಪಕ್ಕದ ಮನೆಯ ತಿಪ್ಪಣ್ಣ ಬಾಗಿಲು ಬಡಿದ. ಗದಗಿನ ಕಡೆಯವನು. ತನ್ನದೊಂದು ಬಿಟ್ಟು ಊರವರ ಕೆಲಸವೆಲ್ಲ ಅವನಿಗೆ ಗೊತ್ತು.

“ಮೌಳಿಯವರ, ಫೋಟೋ ನೋಡಿದ್ರಿಲ್ಲೋ? ಕೌಸಲ್ಯಾ ಅಕ್ಕಾರ ಪೆನ್ಶನ್‌ದಾಗ ಅರ್ಧಾ ನಿಮ್ದು ಐತಿ!”

“ಡಿವೋರ್ಸ್ ಆಗಿ ಹನ್ನೆರಡು ವರ್ಷ ಆಯ್ತಲ್ಲ ತಿಪ್ಪಣ್ಣ?”

“ಆದ್ರ ಏನಾತ್ರಿ? ಈ ರಾಜ್ಯದಾಗ ಗಂಡ ಹೆಂಡ್ತಿ ಕೂಡಿದ್ದಾಗ ದುಡದದ್ದು ಇಬ್ಬರಿಗೂ ಸೇರತೈತಿ. ನಮ್ಮ ಮನಿಯಾಕಿ ಗೌರಾದೇವಿ ನಿನ್ನೆ ಉಣ್ಣೂಮುಂದ ಬಿಡಿಸಿ ಹೇಳಿದ್ಲು. ನೀವು ಹಂಚಿಕೊಳ್ಳೂಮುಂದ ಪೆನ್ಶನ್ ಮಾತು ಬಂದಿತ್ತೇನು?”

ಬಂದಿರಲಿಲ್ಲ. ವಕೀಲರಿಗೆ ಯಾಕೆ ದಂಡ ತೆರಬೇಕೆಂದು ಗಂಡಹೆಂಡಿರಿಬ್ಬರೂ ಊಟದ ಮೇಜಿಗೆ ಕೂತು ತಾವೇ ಪಾಲು ಮಾಡಿಕೊಂಡಿದ್ದರು. ಮೈಸೂರಿನಿಂದ ಹೊತ್ತು ತಂದ ವೆಟ್ ಗ್ರೈಂಡರ್ ಯಾರಿಗೆ ಎಂಬುದರ ಮೇಲೆ ವಾರಗಟ್ಟಲೆ ಮಹಾಭಾರತ ನಡೆದಿತ್ತು. ಬೆಳ್ಳಿ ದೀಪದ ಕಂಬ ಜೋಡಿ ಮುರಿದು ಒಬ್ಬೊಬ್ಬರ ಪಾಲಿಗೆ ಒಂದೊಂದಾಗಿತ್ತು. ಆ ಗಲಾಟೆಯಲ್ಲಿ ಪೆನ್ಷನ್ ಇಬ್ಬರಿಗೂ ಮರೆತೇಹೋಗಿತ್ತು.

ಚಂದನ್‌ಗೆ ‘ಡಾಕ್ಟರ ಹತ್ತಿರ ಹೋಗಬೇಕು’ ಎಂದು ಸುಳ್ಳು ಸಂದೇಶ ಕಳಿಸಿ, ಚಂದ್ರಮೌಳಿ ತಿಪ್ಪಣ್ಣನ ಕಾರು ಹತ್ತಿದ. ಟೋಟೆಮ್ ಲೇಕ್ ಬಡಾವಣೆಯಲ್ಲಿ ಸೌಜನ್ಯ ಎಂಬ ವಕೀಲೆ ಇದ್ದಳು. ಮೊದಲ ಅರ್ಧ ಗಂಟೆ ಸಲಹೆ ಪುಕ್ಕಟೆ, ಆಮೇಲೆ ಮೀಟರು ಶುರು. ಎದುರಿಗೆ ಕನ್ನಡದ ಹುಡುಗಿ ಕಂಡದ್ದೇ ತಿಪ್ಪಣ್ಣನ ಬಾಯಿ ತಡೆಯಲಿಲ್ಲ.

“ಯಾವೂರವಾ ನಿಂದು? ಹಾಸನ? ಹಾಸನದಾಗ ಎಲ್ಲಿ? ಅಪ್ಪಾರು ಏನ್ ಮಾಡ್ತಾರ? ಲಗ್ನ ಆಗೇತೇನು?”

ಹೀಗೆ ಅರ್ಧ ಗಂಟೆಯ ಬಹುಪಾಲು ಹಾಸನದಲ್ಲೇ ಕಳೆಯಿತು. ಕೊನೆಗೆ ಸೌಜನ್ಯಳೇ ಗಡಿಯಾರ ನೋಡಿ, “ಅಂಕಲ್, ತೀರ್ಪಲ್ಲಿ ಪೆನ್ಷನ್ ಹಂಚದೇ ಬಿಟ್ಟಿದ್ರೆ ನೀವು ಈಗ್ಲೂ ಪಾಲು ಕೇಳಬಹುದು. ಆದ್ರೆ ಕೇಳೋಕ್ ಮುಂಚೆ ಒಂದು ವಿಷಯ...” ಎನ್ನುವಾಗ ಚಂದ್ರಮೌಳಿ ಚೇಳು ಕುಟುಕಿದಂತೆ ಎದ್ದು ನಿಂತ.

“ಟೈಮ್ ಆಯ್ತಲ್ಲಮ್ಮ! ಇಷ್ಟು ಸಾಕು, ಬರ್ತೀನಿ.”

“ಅಂಕಲ್, ಎರಡೇ ನಿಮಿಷ, ಕೂತ್ಕೊಳ್ಳಿ!” ಎಂದು ಅವಳು ಹಿಂದೆಯೇ ಬಂದಳು. ಎರಡು ನಿಮಿಷಕ್ಕೂ ಬಿಲ್ಲು ಹಾಕುವ ಜಾತಿ ಇದು ಎಂದುಕೊಂಡು ಅವನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ.

ಕೌಸಲ್ಯಾ ಇದ್ದ ಡುವಾಲಿನ ದಾರಿಯಲ್ಲಿ ತಿಪ್ಪಣ್ಣ ಗಾಳಿ ಹಾಕುತ್ತಲೇ ಇದ್ದ. “ಇನ್ನ ಆ ಹುಡುಗನ ಮುಂದ ಯಾಕ್ರೀ ಕೈಕಟ್ಟಿ ನಿಲ್ತೀರಿ? ಒಗೀರಿ ನೌಕ್ರಿ!” ಹುರುಪು ನೆತ್ತಿಗೇರಿ ಚಂದ್ರಮೌಳಿ ಕಾರಿನಲ್ಲೇ ರಾಜೀನಾಮೆಯ ಈಮೇಲ್ ಒತ್ತಿಬಿಟ್ಟ. ತಿಪ್ಪಣ್ಣ ಸಿಗ್ನಲ್ಲಿನಲ್ಲಿ ನಿಂತಾಗ ವಾಟ್ಸಾಪ್ ಗುಂಪಿಗೆ ಡಂಗುರ ಸಾರಿದ: ‘ಮೌಳಿಯವರು ಕೌಸಲ್ಯಾ ಅಕ್ಕಾರ ಪೆನ್ಶನ್‌ದಾಗ ತಮ್ಮ ಪಾಲು ಕೇಳಾಕ ಹೊಂಟಾರ.’ ಹೆಬ್ಬೆರಳುಗಳು, ಜೋಡಿಸಿದ ಕೈಗಳು ದಬದಬನೆ ಬಿದ್ದವು.

ಡುವಾಲಿನಲ್ಲಿ ಕೌಸಲ್ಯಾ ಕೋಳಿ ಸಾಕಿಕೊಂಡು, ಸೊಪ್ಪು ಬೆಳೆದುಕೊಂಡು ಇದ್ದಳು. ಜಗಳಕ್ಕೆಂದು ಮೈ ಹುರಿಗೊಳಿಸಿ ಬಂದ ಚಂದ್ರಮೌಳಿಗೆ ಅವಳು ಬಾಗಿಲಲ್ಲೇ ನಗುತ್ತಾ ‘ಬನ್ನಿ’ ಎಂದಳು; ಕಾಲಿಗೆ ನೀರು ಕೊಡುವುದೊಂದು ಬಾಕಿ. ಒಳಗೆ ನೋಡಿದರೆ ತಿಪ್ಪಣ್ಣನ ಹೆಂಡತಿ ಗೌರಾದೇವಿ ಆಗಲೇ ತಟ್ಟೆ ಹಾಕುತ್ತಿದ್ದಳು.

“ನೀ ಯಾವಾಗ ಬಂದೀ?” ಎಂದ ತಿಪ್ಪಣ್ಣ.

“ಸೊಪ್ಪು ಒಯ್ಯಾಕ ಬಂದಿದ್ದೆ. ಕೂಡ್ರಿ, ಉಣ್ರಿ” ಎಂದಳು ಗೌರಾದೇವಿ.

ಎರಡನೇ ಸಲ ಬಡಿಸಿಕೊಂಡ ಬಿಸಿಬೇಳೆಬಾತು ಮುಗಿದ ಮೇಲೆ ಚಂದ್ರಮೌಳಿ ಗಂಟಲು ಸರಿಮಾಡಿಕೊಂಡ. “ಕೌಸಲ್ಯಾ, ನಿನ್ನ ಪೆನ್ಷನ್‌ನಲ್ಲಿ ಕಾನೂನು ಪ್ರಕಾರ ನಂದೂ ಪಾಲಿದೆ.”

“ಇದೆ” ಎಂದಳು ಕೌಸಲ್ಯಾ ತುಪ್ಪ ಬಡಿಸುತ್ತಾ. “ಜೊತೇಲಿದ್ದಾಗ ದುಡಿದಿದ್ದು ಯಾರ ಹೆಸರಲ್ಲಿದ್ರೂ ಅರ್ಧ ಅರ್ಧ. ಇವರಿಬ್ಬರ ಮುಂದೆ ಹೇಳಿ, ಒಪ್ಪಿಗೆ ತಾನೇ?”

“ನೂರು ಸಲ ಒಪ್ಪಿಗೆ!” ಎಂದ ಚಂದ್ರಮೌಳಿ. ಇಷ್ಟು ಸುಲಭಕ್ಕೆ ಹನ್ನೆರಡು ವರ್ಷ ಸುಮ್ಮನಿದ್ದೆನಲ್ಲ ಎಂದು ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

“ಸರಿ. ನಾನು ಲೈಬ್ರರಿ ಸೇರಿದ್ದು ನಾವು ಬೇರೆ ಆಗೋ ಹಿಂದಿನ ವರ್ಷ. ಆ ಒಂದು ವರ್ಷದ್ದರಲ್ಲಿ ಅರ್ಧ ನಿಮಗೆ. ತಿಂಗಳಿಗೊಂದು ಸಲ ಹೋಟೆಲ್ಲಲ್ಲಿ ಮಸಾಲೆ ದೋಸೆ ತಿನ್ನಬಹುದು, ಕಾಫಿ ಮನೇಲಿ ಕುಡೀಬೇಕು. ನಿಮ್ಮ ವಿಮಾನದ ಕಂಪನಿ ಪೆನ್ಷನ್ ಇದ್ಯಲ್ಲ, ಅದು ಪೂರ್ತಿ ನಾವು ಜೊತೇಲಿದ್ದಾಗ್ಲೇ ದುಡಿದಿದ್ದು. ಅದರಲ್ಲಿ ಅರ್ಧ ನಂದು.”

ಚಂದ್ರಮೌಳಿಯ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು. ಲಿಫ್ಟಿನ ಬಾಗಿಲವರೆಗೂ ಬಂದ ಸೌಜನ್ಯ ಹೇಳಹೊರಟಿದ್ದು ಏನೆಂದು ಈಗ ಬಿಲ್ಲಿಲ್ಲದೆ ತಿಳಿಯಿತು.

“ನಿನಗಿದು... ಮೊದಲೇ ಗೊತ್ತಿತ್ತಾ?”

“ನಾಲ್ಕು ವರ್ಷದಿಂದ ಗೊತ್ತು. ನಾನೇ ಮೊದಲು ಕೇಳಿದ್ರೆ ನಮ್ಮ ಜನ ಸುಮ್ನಿರ್ತಿದ್ರಾ? ಗಂಡ ಬೇಡ, ಗಂಡನ ಪೆನ್ಷನ್ ಬೇಕಂತೆ ಅಂತ ಯುಗಾದಿಯಿಂದ ದೀಪಾವಳಿವರೆಗೂ ಆಡ್ಕೋತಿದ್ರು. ನೀವೇ ಕೇಳಲಿ ಅಂತ ಕಾದೆ. ನೀವು ಕೇಳೋ ಹಾಗೆ ಕಾಣಲಿಲ್ಲ, ಅದಕ್ಕೇ ಗೌರಕ್ಕಂಗೆ ಹೇಳಿದೆ.”

“ನಾ ಇವರಿಗೆ ಹೇಳಿದೆ” ಎಂದಳು ಗೌರಾದೇವಿ, ಗಂಡನತ್ತ ಗಲ್ಲ ತೋರಿಸಿ. “ಇವರಿಗೆ ಹೇಳಿದ್ರ ಸಾಕು, ಮುಂದಿಂದು ತಾನ ಆಗತೈತಿ.”

ತಿಪ್ಪಣ್ಣ ಒಂದು ಗಳಿಗೆ ಬೆಪ್ಪಾದ. ಮರುಗಳಿಗೆಯೇ ಅವನು ಪಕ್ಷ ಬದಲಿಸಿ, “ಅಕ್ಕಾರು ಹೇಳೂದು ಧರ್ಮದ ಮಾತು ನೋಡ್ರಿ ಮೌಳಿಯವರ” ಎಂದು ಮಜ್ಜಿಗೆ ಹಾಕಿಸಿಕೊಂಡ.

ಇದ್ದ ಪೆನ್ಷನ್ನಿನಲ್ಲಿ ಅರ್ಧ ಹೋಯಿತು, ಕೆಲಸವನ್ನಾದರೂ ಉಳಿಸಿಕೊಳ್ಳೋಣ ಎಂದು ಚಂದ್ರಮೌಳಿ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದ. ಕೋಳಿಗಳ ನಡುವೆ ನಿಂತು ಚಂದನ್‌ಗೆ ಫೋನು ಹಚ್ಚಿದ.

“ಚಂದನ್, ಆ ಈಮೇಲು... ಏನೋ ಆತುರದಲ್ಲಿ ಕಳಿಸಿಬಿಟ್ಟೆ. ವಾಪಸ್ ತಗೋತೀನಪ್ಪ.”

“ಅಯ್ಯೋ ಮೌಳಿ ಸರ್, ಆಗ್ಲೇ ಅಪ್ರೂವ್ ಮಾಡಿ ಕಳಿಸ್ಬಿಟ್ಟೆ. ನಿಜ ಹೇಳ್ಬೇಕಂದ್ರೆ ನಿಮ್ಮ ಪೋಸ್ಟ್ ತೆಗೀಬೇಕು ಅಂತ ಮೇಲಿನವರು ಹೇಳಿ ತುಂಬಾ ದಿನ ಆಯ್ತು. ನಾವೇ ತೆಗೆದಿದ್ರೆ ಆರು ತಿಂಗಳ ಸಂಬಳ ಕೊಟ್ಟು ಕಳಿಸ್ಬೇಕಿತ್ತು. ನೀವೇ ಮೊದಲು ಹೇಳಿದ್ದು ಎಷ್ಟು ಒಳ್ಳೇದಾಯ್ತು! ಸೋಮವಾರ ಕೇಕ್ ತರಿಸ್ತಿದೀವಿ ಸರ್, ನಿಮಗೋಸ್ಕರ ಎಗ್‌ಲೆಸ್ಸೇ ಹೇಳಿದೀನಿ.”