ನಾನು ಕಾಪಾಡಿದ ಸೆಲ್ಲುಗಳು

ಯಾರಾದರೂ ಹುಷಾರ್ ಅಂದರೆ ತಕ್ಷಣ ಹುಷಾರಾಗುವವನು ನಾನು. ಈ ವಿಷಯದಲ್ಲಿ ನನ್ನತ್ತ ಯಾರೂ ಬೆರಳು ತೋರಿಸುವಂತಿಲ್ಲ.

ಆ ವರ್ಷವೂ ಮಳೆ ಕೈಕೊಟ್ಟಿತ್ತು. ನಮ್ಮ ಠಾಣಾ ಕುಶನೂರಿನ ಅರ್ಧ ಊರು ದುಡಿಯಲು ಪುಣೆಗೆ ಹೋಯಿತು. ನಾನು ಬೀದರಿಗೆ ಬಂದು ಒಂದು ಕಾಲೇಜಿನ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸ ಹಿಡಿದೆ. ಹೆಂಡತಿ ಸುನೀತಾ ತವರೂರು ಭಾತಂಬ್ರಾದಿಂದ ಮಲ್ಲಿಗೆ ಗಿಡ ತಂದು ಕುಂಡದಲ್ಲಿ ಹಚ್ಚಿದ್ದಳು. ಮುಖ ತೊಳೆದ ನೀರೂ ಅದಕ್ಕೇ! ತಂಗಿಯ ಬಾಣಂತನಕ್ಕೆ ತವರಿಗೆ ಹೊರಟಾಗ ಹೇಳಿದಳು:

“ದಿನಾ ಒಂದು ಚರಗಿ ನೀರು ಹಾಕ್ರಿ. ಅದೇನರ ಒಣಗಿತಂದ್ರ ನಾ ತವರಮನ್ಯಾಗೇ ಇರ್ತೇನಿ, ತಿಳೀತೇನು?”

ನೀರಿನ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವುದು ನನಗಾಗದು. ಅಷ್ಟರಲ್ಲಿ ಲ್ಯಾಬಿನ ಮೇಡಂ ಚೆಲ್ಲಿ ಬಾ ಎಂದು ಒಂದು ಬಾಟಲಿ ಕೊಟ್ಟರು.

“ಏನರಿ ಇದು, ಮೇಡಂ?”

“ಉಪ್ಪು. ನೀರು ಹಾಕದೇ ನೀರಾಗಿರೋ ಉಪ್ಪು. ಬಿಸಲಿಗೂ ಆರಂಗಿಲ್ಲ. ಹುಷಾರ್, ಸೆಲ್ ಹಾಳು ಮಾಡ್ತದ!”

ಬಿಸಿಲಿಗೂ ಆರುವುದಿಲ್ಲ! ಒಮ್ಮೆ ಸುರಿದರೆ ಸುನೀತಾ ಬರುವ ತನಕ ಬೇರು ತಂಪು! ಬಾಟಲಿ ಮನೆಗೆ ತಂದೆ. ಮೊದಲು ಕಿಟಕಿಯಲ್ಲಿದ್ದ ಟಾರ್ಚಿನ ಸೆಲ್ ತೆಗೆದು, ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಆಮೇಲೇ ಕುಂಡಕ್ಕೆ ಸುರಿದೆ.

ಸೆಲ್ಲುಗಳಿಗೆ ಏನೂ ಆಗಲಿಲ್ಲ. ಗಿಡ ಸತ್ತಿತು.

ಮಣ್ಣು ನೋಡಿದರೆ ಹಸಿ! ಮೇಡಂ ಹತ್ತಿರ ಓಡಿ ಎಲ್ಲ ಹೇಳಿದೆ.

“ಅಯ್ಯೋ ತಮ್ಮಾ! ಗಿಡದಾಗೂ ಸೆಲ್ ಇರ್ತಾವಲ್ಲೋ!”

“ಮಲ್ಲಿಗಿ ಗಿಡದಾಗ ಸೆಲ್ ಯಾರು ಹಾಕ್ಯಾರ್ರಿ?”

ನಕ್ಕು ನಕ್ಕು ಸಾಕಾಗಿ ಮೇಡಂ ತಿಳಿಸಿದರು. ಜೀವ ಇರುವುದೆಲ್ಲ ಕಣ್ಣಿಗೆ ಕಾಣದ ಪುಟ್ಟ ಚೀಲಗಳಿಂದ ಆಗಿದೆಯಂತೆ. ಅದಕ್ಕೂ ಸೆಲ್ ಅನ್ನುತ್ತಾರಂತೆ. ಚೀಲದ ಪೊರೆ ಕೊಬ್ಬಿನದು. ಈ ಉಪ್ಪಿಗೆ ಎಣ್ಣೆಯಂಥ ಬಾಲವಿದೆ. ಬಾಲ ಪೊರೆಯೊಳಗೆ ತೂರುತ್ತದೆ, ತಲೆ ಹೊರಗೇ ಉಳಿಯುತ್ತದೆ. ಹೀಗೆ ಗುಂಪುಗುಂಪಾಗಿ ತೂರಿದರೆ ಪೊರೆ ಸಡಿಲಾಗಿ ಒಳಗಿನದೆಲ್ಲ ಸೋರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟವರು ಯಾರೋ!

ಸುನೀತಾ ಬಂದಳು. ಹೆಗಲ ಬ್ಯಾಗು ಇಳಿಸದೆ ಕುಂಡಕ್ಕೆ ಕೈ ಹಾಕಹೋದಳು.

“ಮುಟ್ಟಬ್ಯಾಡ! ಸೆಲ್ ಹಾಳಾಗ್ತಾವ!” ಎಂದು ಚೀರಿದೆ. ಎಲ್ಲ ಹೇಳಬೇಕಾಯಿತು.

“ಸುರಿವಾಗ ನಿಮ್ಮ ಕೈಗಿ ಹತ್ತಿತ್ತೇನ್ರಿ?”

ಎಷ್ಟಾದರೂ ಹೆಂಡತಿ! ನನ್ನ ಜೀವ ತಂಪಾಯಿತು. “ಹತ್ತಿತ್ತು. ಅದೇ ಕೈಲೆ ತಲಿ ಕೆರಕೊಂಡಿದ್ದೆ” ಎಂದೆ ಮೆಲ್ಲಗೆ.

“ತಲಿಗಿ ಏನೂ ಆಗಂಗಿಲ್ಲ ಬಿಡ್ರಿ. ಒಳಗ ಸೆಲ್ ಇದ್ದರಲ್ಲಾ ಹಾಳಾಗಾದು! ನಡ್ರಿ ಈಗ. ನಮ್ಮವ್ವನ ಮುಂದ ನಿಂತು ನೀವೇ ಎಲ್ಲಾ ಹೇಳ್ರಿ. ಅವಳು ಇನ್ನೊಂದು ಗಿಡ ಕೊಟ್ಟರ ನಾ ನಿಮ್ಮ ಜೋಡಿ ಬರ್ತೇನಿ.”

ಭಾತಂಬ್ರಾಕ್ಕೆಂದು ಹತ್ತಿದ ಭಾಲ್ಕಿ ಬಸ್ಸಿನಲ್ಲಿ ಅವಳ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಪೊರೆ, ಕೊಬ್ಬು ಎಂದು ಬಾಯಿಪಾಠ ಮಾಡುತ್ತ ಕೂತೆ. ಶಾಲೆಯಲ್ಲಿ ಯಾವ ಮಾಸ್ತರರಿಗೂ ನನ್ನಿಂದ ಬಾಯಿಪಾಠ ಮಾಡಿಸಲು ಆಗಿರಲಿಲ್ಲ. ಆದರೆ ಅವರಲ್ಲಿ ಯಾರೂ ನನ್ನ ಅತ್ತೆಯಾಗಿರಲಿಲ್ಲ!