ಕಂಬಳಿ ವೀರನ ಹಾರಾಟ

ನನ್ನ ಮೊಮ್ಮಗಳು ಸಿಂಚನ ಸಭೆಯ ಮುಂದೆ ಮಾತಾಡಿದಳು! ಸುಮ್ಮನೆ ಗೊಣಗಿದ್ದಲ್ಲ. ಶಾಮಿಯಾನದ ಕೊನೆಯ ಕುರ್ಚಿಯವರಿಗೂ, ಅದರಾಚೆ ಮಂಡಕ್ಕಿ ಮಾರುವವನಿಗೂ ಕೇಳುವಂತೆ ಗಂಟಲು ಬಿಚ್ಚಿ ಮಾತಾಡಿದಳು! ಈ ಸಂತೋಷವನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಈಗ ಧರ್ಮಪುರದ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡರೆ ಟಿಕೆಟ್ ಕೈಗಿಟ್ಟು ಹಿಂದಿನ ಬಾಗಿಲಿಗೆ ಓಡುತ್ತಾನೆ. ಆದ್ದರಿಂದ ಬರೆಯಲು ಕುಳಿತೆ. ಕಾಗದ ಎದ್ದು ಓಡುವುದಿಲ್ಲವಲ್ಲ!

ಮಗು ಮಾತಾಡಿದ್ದು ಅಷ್ಟು ದೊಡ್ಡ ಸುದ್ದಿಯೇ ಎಂದು ನೀವು ಕೇಳಬಹುದು. ನಮ್ಮ ಮನೆಯ ಮಟ್ಟಿಗೆ ಹೌದು. ಸಿಂಚನ ಮನೆಯಲ್ಲಿ ವಾಚಾಳಿ. ಭಾನುವಾರ ನನ್ನ ಜೊತೆ ಕುರಿ ಹಿಂದೆ ಬಂದಳೆಂದರೆ ಕುರಿಗಳಿಗೂ ಪುರುಸೊತ್ತು ಕೊಡದೆ ಮಾತಾಡುತ್ತಾಳೆ. ಆದರೆ ಹೊಸ್ತಿಲು ದಾಟಿ ನಾಲ್ಕು ಜನ ಕಂಡರೆ ಬಾಯಿಗೆ ಬೀಗ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಟೊಮೆಟೊ ವೇಷ ಹಾಕಿ, "ನಾನು ಟೊಮೆಟೊ" ಎಂದು ಹೇಳಬೇಕಿತ್ತು. ಅಷ್ಟೇ. ಅದನ್ನೂ ಹೇಳಲಾಗದೆ ಮೇಡಂ ಸೆರಗಿನೊಳಗೆ ಹೊಕ್ಕುಬಿಟ್ಟಳು. ಅಂದಿನಿಂದ ಕ್ಲಾಸಿನ ಮಕ್ಕಳು ಅವಳಿಗೆ "ಸೈಲೆಂಟು" ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿದ ದಿನ ಅವಳು ನನ್ನ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ನಾನು ಮರೆತಿಲ್ಲ.

ಈ ವರ್ಷ ಶಾಲೆಯವರು ಹೊಸದೊಂದು ಸ್ಪರ್ಧೆ ಇಟ್ಟರು. "ನಮ್ಮ ಮನೆಯೇ ಸೂಪರ್ ಹೀರೋ ತಂಡ." ಮನೆಯವರೆಲ್ಲ ವೇಷ ಹಾಕಿ ವೇದಿಕೆ ಹತ್ತಬೇಕು. ಮಗು ಮೈಕು ಹಿಡಿದು, ಇವರು ಇಂಥವರು, ಇವರಿಗೆ ಇಂಥ ಪವರ್ ಐತೆ ಎಂದು ಎಲ್ಲರನ್ನೂ ಪರಿಚಯ ಮಾಡಿಕೊಡಬೇಕು. ಸಿಂಚನ ತಾನಾಗೇ ಬಂದು, "ನಾನು ಮಾಡ್ತೀನಿ. ಸೈಲೆಂಟು ಅನ್ನಾಂಗಿಲ್ಲ ಇನ್ಮ್ಯಾಗೆ" ಅಂದಳು. ಅಂದ ಮೇಲೆ ನಾವು ಬಿಡುತ್ತೇವೆಯೇ!

ಅವತ್ತೇ ನಡುಮನೆಯಲ್ಲಿ ಸಭೆ ಸೇರಿತು. ಪವರ್ ಹಂಚಿಕೆ ಶುರುವಾಯಿತು.

ನನ್ನ ಮಗ ತಿಪ್ಪೇಶ ಲೈನ್‌ಮನ್. ಅವನದು ಸುಲಭ. ಕಂಬ ಹತ್ತಿದರೆ ಊರು ಕತ್ತಲು, ಇಳಿದರೆ ಬೆಳಕು. ಧಾರಾವಾಹಿಯ ಹೊತ್ತಿಗೆ ಕರೆಂಟ್ ಹೋದಾಗ ಊರ ಹೆಂಗಸರೆಲ್ಲ ಅವನ ಹೆಸರನ್ನೇ ಜಪ ಮಾಡುತ್ತಾರೆ. ಅವನು "ಮಿಂಚು ವೀರ"ನಾದ. ಸೊಸೆ ಭಾಗ್ಯ ಅಂಗನವಾಡಿ ಟೀಚರ್. ಎಂಥ ಗದ್ದಲವಿದ್ದರೂ ಒಂದು ಸಲ ಕಣ್ಣು ಅಗಲಿಸಿದರೆ ಸಾಕು, ಮಕ್ಕಳಿರಲಿ, ಅವರನ್ನು ಬಿಡಲು ಬಂದ ಅಪ್ಪಂದಿರೂ ಸಾಲಾಗಿ ಕೂರುತ್ತಾರೆ. ಅವಳು "ಕಣ್ಣು ವೀರೆ."

ನನ್ನ ಹೆಂಡತಿ ಗಂಗಮ್ಮನದು ಕಿವಿ. ನನಗೆ ಸಕ್ಕರೆ ಕಾಯಿಲೆ. ನಾನು ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ಮುಟ್ಟಿದರೆ ಸಾಕು, ಆಕೆ ಬೀದಿ ಕೊನೆಯ ನಲ್ಲಿ ಹತ್ತಿರ ನಿಂತೇ, "ಇಡ್ರಿ ಕೆಳಗೆ!" ಎಂದು ಕೂಗುತ್ತಾಳೆ. "ಕಿವಿ ವೀರೆ!" ಇದಕ್ಕೆ ಯಾರೂ ಎದುರು ಹೇಳಲಿಲ್ಲ.

ನಂತರ ನನ್ನ ಸರದಿ ಬಂತು. ತಿಪ್ಪೇಶ ಸೂರು ನೋಡಿದ, ಭಾಗ್ಯ ನೆಲ ನೋಡಿದಳು.

"ತಾತಂಗೆ ಏನ್ ಪವರ್ ಐತೆ?" ಸಿಂಚನ ಎಲ್ಲರ ಮುಖ ನೋಡಿದಳು.

"ನಿಮ್ ತಾತನಾ? ಕುಂತಲ್ಲೇ ನಿದ್ದೆ ಹೊಡಿತಾರೆ. ಅದನ್ನೇ ಹೇಳು" ಅಂದಳು ಗಂಗಮ್ಮ.

"ಮುದ್ದೆ ನುಂಗಾ ಸ್ಪೀಡ್ ನೋಡವ್ವ. ಕಣ್ಣಿಗೇ ಕಾಣಲ್ಲ" ಅಂದ ತಿಪ್ಪೇಶ.

ನಾನು ಗಾಂಭೀರ್ಯ ಬಿಡದೆ ಹೇಳಿದೆ: "ನಾನು ಕುರಿ ಕಾಯ್ತೀನಿ ಕಣವ್ವ. ಕೂಗಿದ್ರೆ ಮಂದೆಗೆ ಮಂದೇನೆ ಬರ್ತೈತೆ."

"ಅದು ಪವರ್ ಅಲ್ಲ ತಾತ. ಅದು ಕೆಲ್ಸ."

ಒಂದೇ ಮಾತಿನಲ್ಲಿ ನನ್ನ ಇಡೀ ಜೀವಮಾನ ಮೂಲೆಗೆ ಬಿತ್ತು! ಅಷ್ಟರಲ್ಲಿ ಅವಳ ಕಣ್ಣು ಗೂಟಕ್ಕೆ ನೇತುಹಾಕಿದ್ದ ನನ್ನ ಕರಿ ಕಂಬಳಿಯ ಮೇಲೆ ಬಿತ್ತು. ಓಡಿ ಹೋಗಿ ತಂದು ನನ್ನ ಕುತ್ತಿಗೆಗೆ ಗಂಟು ಹಾಕಿ, ಬೆನ್ನ ಮೇಲೆ ಇಳಿಬಿಟ್ಟಳು.

"ತಾತ ಹಾರ್ತಾನೆ! ಕಂಬಳಿ ವೀರ!"

ಹಾರುವುದೇನು ಮಹಾ ಕೆಲಸ ಅನ್ನಿಸಿತು. ಹರೆಯದಲ್ಲಿ ಎಷ್ಟು ಬೇಲಿ ಹಾರಿಲ್ಲ ನಾನು! ಮರುದಿನ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ, ಮನೆ ಮುಂದಿನ ಕಟ್ಟೆ ಹತ್ತಿ ಅಭ್ಯಾಸಕ್ಕೆ ನಿಂತೆ. ಕೈ ಚಾಚಿದೆ. ಎದೆ ಉಬ್ಬಿಸಿದೆ. ಹಾರಿದೆ. ನಾನು ಹಾರಿದೆ, ಕಂಬಳಿ ಹಾರಲಿಲ್ಲ. ಅದು ಕಂಬದ ಮೊಳೆಗೆ ಸಿಕ್ಕಿಕೊಂಡು ನನ್ನನ್ನು ಹಿಂದಕ್ಕೆಳೆದು ಕಟ್ಟೆಯ ಮೇಲೆಯೇ ಕೂರಿಸಿತು. ಕೂರಿಸಿದ ರಭಸಕ್ಕೆ ಸೊಂಟ ಲಟಕ್ಕೆಂದಿತು. ಯಾವ ಮಾಯದಲ್ಲಿ ಬಂದಿದ್ದಳೋ, ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಗಂಗಮ್ಮ ತಲೆ ಎತ್ತದೆಯೇ ಕೇಳಿದಳು: "ಹಾರಿ ಬಂದ್ರಾ? ಕಾಫಿ ಕುಡಿತೀರಾ?"

ಆ ಮೊಳೆಯನ್ನು ನಾನು ಎಚ್ಚರಿಕೆ ಎಂದು ತಿಳಿಯಬೇಕಿತ್ತು. ತಿಳಿಯಲಿಲ್ಲ!

ಈಗ ಕುರಿ ವಿಷಯ ಹೇಳಬೇಕು. ನಮ್ಮ ಕಡೆ ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ, ಗೊಬ್ಬರವಾಗಲಿ ಎಂದು ಕುರಿ ಮಂದೆಯನ್ನು ಹೊಲದಲ್ಲಿ ತರುಬಿಸುತ್ತಾರೆ. ಸುತ್ತ ಬಲೆ ಕಟ್ಟಿ, ಕುರಿಗಳನ್ನು ಒಳಗೆ ಬಿಡುವುದು. ಶಾಲೆಯ ಪಕ್ಕದ ಹೊಲದವನು ಅದೇ ವಾರ ಬಂದು ಕೇಳಿದ. ನಾನು ಖುಷಿಯಾಗಿ ಒಪ್ಪಿದೆ. ಕಾರ್ಯಕ್ರಮ ಮುಗಿಸಿ ಹಾಗೇ ಬೇಲಿ ದಾಟಿದರೆ ಮಂದೆ ಸಿಗುತ್ತದಲ್ಲ! ಎಂಥಾ ತಲೆ ನನ್ನದು! ಕಾಯಲು ಗಂಗಮ್ಮನ ತಮ್ಮ ಓಬಣ್ಣನನ್ನು ಬಿಟ್ಟೆ.

ಆದರೆ ಓಬಣ್ಣನೂ ಮನುಷ್ಯನೇ. ನಾವು ವೇದಿಕೆಯ ಪಕ್ಕ ವೇಷ ಹಾಕಿ ನಿಂತಿದ್ದಾಗ ನೋಡುತ್ತೇನೆ, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾನೆ!

"ಲೇ ಓಬ, ಕುರಿ ಹತ್ರ ಯಾರೈದಾರೋ?"

"ಬಲೆ ಐತಲ್ಲ ಭಾವ! ನೀನು ಹಾರಾದು ನೋಡ್ದಂಗೆ ಹೋದ್ರೆ ನಾನ್ ಬದುಕಿದ್ದು ಏನ್ ಬಂತು?"

ಬರುವ ಅವಸರದಲ್ಲಿ ಬಲೆಯ ಬಾಯಿ ಕಟ್ಟಿರಲಿಲ್ಲ ಎನ್ನುವುದನ್ನು ಮಹಾನುಭಾವ ಆಗ ಹೇಳಲಿಲ್ಲ.

ನಮಗಿಂತ ಮುಂಚೆ ಹತ್ತಿದ್ದು "ಸೊಪ್ಪಿನ ವೀರ"ನ ತಂಡ. ಪಾಪ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸಂಭಾವಿತ ಮನುಷ್ಯ. ಮಕ್ಕಳು ಸೊಪ್ಪು ತಿನ್ನಲಿ ಎಂಬ ಸದುದ್ದೇಶದಿಂದ ಮೈತುಂಬ ಅಗಸೆ ಸೊಪ್ಪು, ನುಗ್ಗೆ ಸೊಪ್ಪು ಕಟ್ಟಿಕೊಂಡು, ತಲೆಗೆ ಕೊತ್ತಂಬರಿ ಕಿರೀಟ ಇಟ್ಟುಕೊಂಡು ಬಂದಿದ್ದರು. ಜನ ಚಪ್ಪಾಳೆ ತಟ್ಟಿದರು. ನನಗೆ ಬಂದ ಯೋಚನೆ ಒಂದೇ: ಎಂಥಾ ಮೇವು! ಅವರು ಇಳಿದು ಹೋಗಿ ಮುಖ್ಯ ಅತಿಥಿಗಳ ಪಕ್ಕದಲ್ಲಿ ನಗುತ್ತ ಕುಳಿತರು.

ನಮ್ಮ ಸರದಿ. ಹತ್ತಿದೆವು. ತಿಪ್ಪೇಶನ ಕೈಯಲ್ಲಿ ರಟ್ಟಿನ ಮಿಂಚು. ಭಾಗ್ಯನಿಗೆ ಹಣೆ ಮೇಲೂ ಒಂದು ಕಣ್ಣು. ಗಂಗಮ್ಮನಿಗೆ ಮೊರದಷ್ಟು ಅಗಲದ ರಟ್ಟಿನ ಕಿವಿ. ನನ್ನ ಬೆನ್ನಿಗೆ ಕಂಬಳಿ. ಮೇಡಂ ಸಿಂಚನಳ ಕೈಗೆ ಮೈಕು ಕೊಟ್ಟರು.

ಸಿಂಚನ ಮೈಕು ನೋಡಿದಳು. ಜನರನ್ನು ನೋಡಿದಳು. ಮಾತು ಹೊರಡಲಿಲ್ಲ.

ಹಿಂದಿನಿಂದ ಯಾವುದೋ ಮಗು, "ಸೈಲೆಂಟು!" ಅಂತು. ಇನ್ನಷ್ಟು ಮಕ್ಕಳು ನಕ್ಕವು. ಭಾಗ್ಯ ಆ ಕಡೆ ಕಣ್ಣು ಅಗಲಿಸಲು ಹೋದಳು, ಆದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಗಂಗಮ್ಮ ರಟ್ಟಿನ ಕಿವಿ ಮುಚ್ಚಿಕೊಂಡಳು. ತಿಪ್ಪೇಶ ಮಿಂಚನ್ನು ಹಿಂಡುತ್ತ ನಿಂತಿದ್ದ.

ಹಳ್ಳ ದಾಟುವಾಗ ಮರಿ ಹೆದರಿ ನಿಂತುಬಿಟ್ಟರೆ ಅದನ್ನು ಎಳೆಯಬಾರದು. ಕೂಗಿ ಕರೆಯಬೇಕು. ಕುರಿ ಕಾಯುವ ಪ್ರತಿಯೊಬ್ಬನಿಗೂ ತನ್ನದೇ ಒಂದು ಕೂಗು ಇರುತ್ತದೆ, ಅವನ ಕುರಿಗಳಿಗೆ ಅದು ಗೊತ್ತಿರುತ್ತದೆ. ಯೋಚಿಸಲೇ ಇಲ್ಲ ನಾನು. ಮೊಮ್ಮಗಳ ಹತ್ತಿರ ಬಗ್ಗಿ, ಎದೆ ತುಂಬಿ ಕೂಗಿದೆ:

"ಹುರ್ರ್ರ್ರ್ಯೋ... ಬಾ ಬಾ ಬಾ ಬಾ!"

ನಮ್ಮಿಬ್ಬರ ನಡುವೆ ಮೈಕಿತ್ತು! ಮೈಕಿನ ಆ ಕೊನೆಗೆ, ಬೇವಿನ ಮರದ ಮೇಲೆ, ಹೊಲದ ಕಡೆಗೆ ಬಾಯಿ ತೆರೆದ ದೊಡ್ಡ ಸ್ಪೀಕರಿತ್ತು!

ಮೊದಲು ದೂರದಲ್ಲಿ ಧೂಳು ಕಂಡಿತು. ಆಮೇಲೆ "ಬ್ಯಾ" ಎಂಬ ಸದ್ದು. ಮುಖ್ಯ ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆಗೆ ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ನಮ್ಮ ಕೆಂಚ ಟಗರನ್ನು ಮುಂದಿಟ್ಟುಕೊಂಡು ಇಡೀ ಮಂದೆ ಶಾಮಿಯಾನದೊಳಗೆ ದಯಮಾಡಿಸಿತು!

ತಮ್ಮ ಒಡೆಯನ ಕರೆಗೆ ಬಂದ ಕುರಿಗಳು ನೇರ ನನ್ನ ಬಳಿ ಬರಬೇಕಿತ್ತು. ಬರುತ್ತಲೂ ಇದ್ದವು. ಆದರೆ ದಾರಿಯಲ್ಲಿ ಸೊಪ್ಪಿನ ವೀರರು ಕುಳಿತಿದ್ದರು.

ಕೆಂಚ ಮೊದಲು ಅವರ ಮೊಣಕಾಲಿನ ನುಗ್ಗೆ ಸೊಪ್ಪು ರುಚಿ ನೋಡಿದ. ಅವರು ಎದ್ದರು. ಮಂದೆಯೂ ತಿರುಗಿತು. ಅವರು ಓಡಿದರು. ಮಂದೆಯೂ ಓಡಿತು. "ಯಾರಾದ್ರೂ ಹಿಡೀರಿ!" ಎಂದು ಅವರು, "ಹಿಡೀರೋ!" ಎಂದು ಓಬಣ್ಣ, ಯಾರನ್ನು ಹಿಡಿಯಬೇಕೆಂದು ಯಾರಿಗೂ ತಿಳಿಯದೆ ಕುರ್ಚಿಗಳು ಉರುಳಿದವು!

"ಅಪ್ಪಯ್ಯ, ಕೂಗಬ್ಯಾಡ, ಮೈಕ್ ಆಫ್ ಮಾಡ್ತೀನಿ ತಡಿ!" ಎಂದು ಮಿಂಚು ವೀರ ಹಾರಿ ಹೋಗಿ ವೈರ್ ಕಿತ್ತ. ಮೈಕು ನಿಂತಿತು. ಜೊತೆಗೆ ಫ್ಯಾನು, ದೀಪ, ಮಂಡಕ್ಕಿಯವನ ಬಲ್ಬು ಎಲ್ಲ ನಿಂತವು. ಪವರ್ ಎಂದರೆ ಪವರ್!

ಇನ್ನು ನನ್ನಿಂದಲೇ ಆಗಬೇಕು ಅನ್ನಿಸಿತು. ಕಂಬಳಿ ವೀರ ಇರುವುದು ಇಂಥ ಹೊತ್ತಿಗಲ್ಲವೇ! ವೇದಿಕೆಯ ಅಂಚಿಗೆ ಓಡಿ, ಕೈ ಚಾಚಿ ಹಾರಿದೆ. ಅರ್ಧದವರೆಗೆ ಚೆನ್ನಾಗಿಯೇ ಹಾರಿದೆ. ಅಲ್ಲಿ ಶಾಮಿಯಾನದ ಪೈಪಿಗೆ ಕಂಬಳಿ ಸಿಕ್ಕಿಕೊಂಡಿತು. ಕಾಲ್ಬೆರಳು ನೆಲಕ್ಕೆ ತಾಗುತ್ತಿತ್ತು, ಗಂಟು ಗಂಟಲು ಹಿಡಿದಿತ್ತು. ಕುರಿಗಳನ್ನು ಹಿಂದಕ್ಕೆ ಕರೆಯಲು ಬಾಯಿ ತೆರೆದರೆ "ಕೀಂ" ಎಂದು ಕೋಳಿಮರಿಯ ದನಿ ಬಂತು!

ಆಗ ಕೇಳಿಸಿತು.

"ತಾತಾ!"

ಅದರ ಹಿಂದೆಯೇ, ನನ್ನದೇ ಕೂಗು. ಆದರೆ ಗಂಟಲು ನನ್ನದಲ್ಲ.

"ಹುರ್ರ್ರ್ರ್ಯೋ... ಬಾ ಬಾ ಬಾ ಬಾ!"

ಸಿಂಚನ ವೇದಿಕೆಯ ತುದಿಯಲ್ಲಿ ನಿಂತು, ಎರಡೂ ಕೈ ಬಾಯಿಯ ಅಕ್ಕಪಕ್ಕ ಇಟ್ಟುಕೊಂಡು ಕೂಗುತ್ತಿದ್ದಳು. ಭಾನುವಾರಗಳಲ್ಲಿ ಕುರಿಗಳು ಕೇಳುತ್ತಿದ್ದ ಅದೇ ದನಿ. ಕೆಂಚ ನಿಂತ. ಬಾಯಲ್ಲಿ ಅಗಸೆ ಸೊಪ್ಪು ನೇತಾಡುತ್ತಿತ್ತು. ತಿರುಗಿದ. ಮಂದೆಯೂ ತಿರುಗಿತು. ಒಂದೊಂದೇ ಬಂದು ವೇದಿಕೆಯ ಮುಂದೆ, ಸಭಿಕರಂತೆ ಸಾಲಾಗಿ ನಿಂತು ಅವಳ ಮುಖ ನೋಡಿದವು.

ಮೈಕಿಲ್ಲ. ಫ್ಯಾನಿಲ್ಲ. ಸಿಂಚನ ಕುರಿಗಳನ್ನೇ ನೋಡುತ್ತ, ಅವುಗಳಿಗೇ ಹೇಳುವಂತೆ ಶುರು ಮಾಡಿದಳು.

"ಇವ್ರು ನಮ್ ಅಜ್ಜಿ. ಬೆಲ್ಲದ ಡಬ್ಬಿ ತೆಗೆದ್ರೆ ಬೀದಿ ಕೊನೆಗೂ ಕೇಳಿಸ್ತೈತೆ. ಇದು ಅಮ್ಮ, ನೋಡಿದ್ರೆ ಎಲ್ರೂ ಸುಮ್ಕಾಗ್ತಾರೆ. ಅದು ನಮ್ಮಪ್ಪ, ಈಗ ಕರೆಂಟ್ ತೆಗೆದ್ರಲ್ಲ, ಅವ್ರೇ. ಅಲ್ಲಿ ನೇತಾಡ್ತಾ ಐತಲ್ಲ, ಅದು ನಮ್ ತಾತ. ಅವರಿಗೆ ಹಾರಾಕೆ ಬರಲ್ಲ. ಆದ್ರೆ ಕರೆದ್ರೆ ಕುರಿ ಬರ್ತವೆ. ಅದು ಪವರ್ರೇ! ನಂಗೂ ಐತೆ!"

ಸೈಲೆಂಟು ಎಂದು ಕೂಗಿದ್ದ ಮಗುವೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿತು. ನನಗೂ ತಟ್ಟಬೇಕೆನಿಸಿತು. ಕೈ ಖಾಲಿ ಇರಲಿಲ್ಲ, ಗಂಟು ಹಿಡಿದುಕೊಂಡಿದ್ದೆ! ಕೊನೆಗೆ ಗಂಗಮ್ಮ ಬಂದು ಗಂಟು ಬಿಚ್ಚುತ್ತ, "ಅಳಬ್ಯಾಡ್ರಿ, ಜನ ನೋಡ್ತಾರೆ" ಅಂದಳು. ಅವಳ ರಟ್ಟಿನ ಕಿವಿಯೂ ಒದ್ದೆಯಾಗಿತ್ತು.

ಬಹುಮಾನ ನಮಗೆ ಬರಲಿಲ್ಲ. "ಅತ್ಯಂತ ಸಹಜ ಅಭಿನಯ"ಕ್ಕೆಂದು ಸೊಪ್ಪಿನ ವೀರರಿಗೆ ಹೋಯಿತು. ಪಡೆಯಲು ಬಂದಾಗ ಅವರ ಮೈಮೇಲೆ ಬನಿಯನ್ನೂ, ಒಂದು ಕೊತ್ತಂಬರಿ ಕಡ್ಡಿಯೂ ಉಳಿದಿದ್ದವು. ನಾನು ಹೋಗಿ ಕೈಮುಗಿದು ತಪ್ಪಾಯಿತೆಂದೆ. ಅವರು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ್ರಿ ಯಜಮಾನ್ರೇ, ಕುರಿಗಳಾದ್ರೂ ಸೊಪ್ಪು ತಿಂದ್ವಲ್ಲ" ಅಂದರು.

ಸಂಜೆ ಗಂಗಮ್ಮ ಮೊಮ್ಮಗಳ ಖುಷಿಗೆ ಹೋಳಿಗೆ ಮಾಡಿದಳು. ಮಂದೆಯನ್ನು ಬಲೆಯೊಳಗೆ ಬಿಟ್ಟು, ಈ ಸಲ ಬಾಯಿ ಕಟ್ಟಿ, ಹೊಲದವನನ್ನು ಕಾವಲಿಗೆ ಕೂರಿಸಿ ಓಬಣ್ಣನೂ ಬಂದ. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಸಿಂಚನಳ ಬಾಯಿ ನಿಲ್ಲಲೇ ಇಲ್ಲ. ಮುಂದಿನ ವರ್ಷದ ತಂಡವನ್ನು ಆಗಲೇ ಕಟ್ಟುತ್ತಿದ್ದಳು. ಕೆಂಚನೂ ತಂಡದಲ್ಲಿ, ಓಡಿಸುವ ಪವರ್. ಮಂದೆ ಕರೆಯುವ ಪವರ್ ಅವಳದೇ.

"ಹಂಗಾರೆ ನಾನು?" ಕೇಳಿದೆ, ಮುದ್ದೆ ಕೈಯಲ್ಲೇ ಹಿಡಿದು.

ಅವಳು ನನ್ನ ಕೆನ್ನೆ ಸವರಿದಳು. "ಸೂಪರ್ ಹೀರೋ ಅಂದ್ಮ್ಯಾಗೆ ಕಾಪಾಡಿಸ್ಕೊಳ್ಳಾಕೂ ಒಬ್ರು ಬೇಕಲ್ವಾ ತಾತ? ಅದು ನೀನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಿನ ಮರೆಯಲ್ಲಿ ಕೈ ಮೆಲ್ಲಗೆ ಎರಡನೇ ಹೋಳಿಗೆಯ ಕಡೆ ಹೋಯಿತು. ಅಡುಗೆಮನೆಯಲ್ಲಿ ಸಾರು ಬಗ್ಗಿಸುತ್ತಿದ್ದ ಗಂಗಮ್ಮ ಈ ಕಡೆ ತಿರುಗಲೂ ಇಲ್ಲ.

"ಇಡ್ರಿ ಕೆಳಗೆ!"

ಹೀಗೆ, ತಂಡ ಹೊಸದಾಗಿ ಕಟ್ಟಿದ ಅರೆಗಳಿಗೆಯಲ್ಲೇ ನನ್ನನ್ನು ಯಶಸ್ವಿಯಾಗಿ ಕಾಪಾಡಲಾಯಿತು!