ಅಪ್ಪ ಬೀಳದ ಮೂರು ರೌಂಡು

ಮಹಾಪುರುಷರ ಬಗ್ಗೆ ಸಿನಿಮಾ ತೆಗೆಯುವವರಿಗೆ ಒಂದು ಕಷ್ಟವಿದೆ. ವಿಜ್ಞಾನಿಯ ಕತೆಯಾದರೆ ನಾಲ್ಕು ಗಾಜಿನ ಬಾಟಲಿ ಒಡೆದು ಕೆಲಸ ಮುಗಿಸಬಹುದು. ಬಾಕ್ಸರನ ಕತೆಯಾದರೆ ಒಡೆಯಲು ಮನುಷ್ಯರೇ ಬೇಕು. ಹಾಗೆ ಒಡೆಸಿಕೊಂಡವರಿಗೂ ಮನೆ ಇರುತ್ತದೆ, ಹೆಂಡತಿ ಮಕ್ಕಳಿರುತ್ತಾರೆ, ಆ ಮಕ್ಕಳಲ್ಲಿ ಒಬ್ಬ ಪಾಪಿ ಮಿಮಿಕ್ರಿ ಮಾಡುವವನೂ ಆಗಿರಬಹುದು ಎಂದು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ, ಆ ಪಾಪಿ ನಾನೇ ಆಗಿದ್ದರೂ.

ಹೊಟ್ಟೆಪಾಡಿಗೆ ನಾನು ಪೀಣ್ಯದ ಒಂದು ಗೇರ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಗೇರಿನ ಹಲ್ಲು ನೋಡಲು. ಇಟ್ಟುಕೊಂಡಿರುವುದು ಮಾತ್ರ ಜನರ ಹಲ್ಲು ಕಾಣಿಸಲು ಎಂದು ನನ್ನ ಅನುಮಾನ. ಕ್ಯಾಂಟೀನಿನಲ್ಲಿ ನಾನು ಅನುಕರಿಸದ ಮನುಷ್ಯನಿಲ್ಲ, ಮಷಿನ್ನಿಲ್ಲ. ಒಮ್ಮೆ ತಡಿಕೆಯ ಹಿಂದೆ ನಿಂತು ನಮ್ಮ ಸೂಪರ್‌ವೈಸರ್ ದನಿಯಲ್ಲಿ “ಎಲ್ರೂ ಟೀಗೆ ಹೋಗ್ಬನ್ರಪ್ಪಾ” ಎಂದೆ. ಇಡೀ ಶಿಫ್ಟು ಎದ್ದು ಹೋಯಿತು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಕೂಡ ಹೋದರು. ತಮ್ಮ ಮಾತನ್ನು ತಾವೇ ಮೀರಬಾರದು ಅನ್ನಿಸಿರಬೇಕು.

ಆದರೆ ನನ್ನ ಅಂಗಡಿಯ ಅಸಲಿ ಮಾಲು ನಮ್ಮಪ್ಪ. ಅಪ್ಪನ ಹೆಸರು ಕೆಂಪಣ್ಣ. ಟಿ. ದಾಸರಹಳ್ಳಿಯವನು. ವಯಸ್ಸಿನಲ್ಲಿ ಬಾಕ್ಸಿಂಗ್ ಆಡುತ್ತಿದ್ದನೆಂಬ ಕಾರಣಕ್ಕೇ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯವರು ಕರೆದು ಕೆಲಸ ಕೊಟ್ಟಿದ್ದರು. ಕಾರ್ಖಾನೆ ತಂಡದ ಪರವಾಗಿ ಅಪ್ಪ ಒಂದು ಸಲ, ಒಂದೇ ಸಲ, ಮುಂದೆ ದಂತಕಥೆಯಾದ ಆ ಮಹಾ ಬಾಕ್ಸರನ ಎದುರು ರಿಂಗಿಗೆ ಇಳಿದಿದ್ದ. ಎರಡನೇ ರೌಂಡಿನಲ್ಲಿ ಅಪ್ಪನ ಮೂಗಿನ ಎಲುಬು ಮುರಿಯಿತು. ಆದರೂ ಮೂರನೇ ರೌಂಡಿನ ಗಂಟೆ ಹೊಡೆಯುವವರೆಗೂ ನಿಂತೇ ಇದ್ದ. ಅಂಕಗಳ ಮೇಲೆ ಸೋತ. ಮೂಗು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ಅಪ್ಪ ಮಾತು ಶುರುಮಾಡುವ ಮುಂಚೆ ಮೂಗಿನಲ್ಲಿ “ಹ್ಞುಂ” ಎಂದು ಒಂದು ಹಾರ್ನ್ ಹೊಡೆಯುತ್ತಾನೆ. ಹಿಂದೆಯೇ ಮಾತು ಕೊಳವೆಯಿಂದ ಬಂದ ಹಾಗೆ ಬರುತ್ತದೆ. “ಹ್ಞುಂ... ಸೋತೆ ಕಣ್ಲಾ. ಬೀಳ್ಲಿಲ್ಲ!” ಇದು ನಮ್ಮ ಮನೆಯ ಮಂತ್ರ. ಬೇರೆಯವರ ಮನೆಯಲ್ಲಿ ಸೈಟು, ಬಾಡಿಗೆ ಮನೆಗಳ ಸಾಲು ಇರುತ್ತವೆ. ನಮ್ಮಪ್ಪನ ಆಸ್ತಿ ಇಷ್ಟೇ, ಬೀಳದೆ ಇದ್ದದ್ದು.

ಮನೆಗೆ ಯಾರೇ ಬರಲಿ, ಈ ಆಸ್ತಿಯನ್ನು ತೋರಿಸದೆ ಅಪ್ಪ ಕಳಿಸುತ್ತಿರಲಿಲ್ಲ. ಟೀಪಾಯಿ ಪಕ್ಕಕ್ಕೆ ಸರಿಸಿ, ಪಂಚೆ ಎತ್ತಿಕಟ್ಟಿ, ಮೂರೂ ರೌಂಡುಗಳನ್ನು ಒಬ್ಬನೇ ಆಡಿ ತೋರಿಸುತ್ತಿದ್ದ. ಅಪ್ಪ ಎದ್ದು ನಿಂತ ಕೂಡಲೇ ಅಮ್ಮ ಕಾಫಿ ಲೋಟಗಳನ್ನು ಅವನ ಎಡಗೈಗೆ ಎಟುಕದಷ್ಟು ದೂರ ಇಡುತ್ತಿದ್ದಳು. ಗ್ಯಾಸ್ ಸಿಲಿಂಡರ್ ತಂದವನೂ ಎರಡನೇ ರೌಂಡಿನವರೆಗೆ ನಿಂತು ನೋಡಿದ್ದಾನೆ. ನಾನಂತೂ ಮೂಲೆಯಲ್ಲಿ ಕೂತು ಆ ಹ್ಞುಂಕಾರವನ್ನು ಕದ್ದು ಕದ್ದು ಕಲಿತೆ.

ಆ ಮಹಾ ಬಾಕ್ಸರನ ಬಗ್ಗೆ ಹಿಂದಿಯಲ್ಲಿ ಸಿನಿಮಾ ಬರುತ್ತದೆ, ಕನ್ನಡಕ್ಕೂ ಡಬ್ ಆಗುತ್ತದೆ ಎಂದು ಗೊತ್ತಾದ ದಿನದಿಂದ ಅಪ್ಪ ನೆಲದ ಮೇಲಿರಲಿಲ್ಲ. “ಹ್ಞುಂ... ನನ್ ಫೈಟು ಇದ್ದೇ ಇರ್ತದೆ ಕಣ್ಲಾ. ನಂಗೆ ಒಡೆಯಕ್ಕೆ ಅವ್ನು ಎಂಗೆ ಬೆವರು ಸುರಿಸ್ದ ಅಂತ ತೋರಿಸ್ದೆ ಅವ್ನನ್ನ ದೊಡ್ಡೋನು ಅಂತ ಎಂಗ್ ತೋರಿಸ್ತಾರೆ?” ತರ್ಕ ಸರಿಯಾಗಿಯೇ ಇತ್ತು. ಹಾಲಿನ ಬೂತಿನಿಂದ ಹಿಡಿದು ಇಸ್ತ್ರಿ ಅಂಗಡಿಯವರೆಗೆ ಸುದ್ದಿ ಹಬ್ಬಿಸಿದ.

ಅದೇ ಹೊತ್ತಿಗೆ ನನಗೂ ಅದೃಷ್ಟ ಒದ್ದುಕೊಂಡು ಬಂತು. ನನ್ನ ಮಿಮಿಕ್ರಿ ವಿಡಿಯೋ ನೋಡಿದ ಡಬ್ಬಿಂಗ್ ಸ್ಟುಡಿಯೋದವರು ಇದೇ ಸಿನಿಮಾದ ಚಿಲ್ಲರೆ ಪಾತ್ರಗಳಿಗೆ ದನಿ ಕೊಡಲು ಕರೆದರು. ಕತ್ತಲೆ ಕೋಣೆ, ಕಿವಿಗೆ ಹೆಡ್‌ಫೋನು, ಪರದೆಯ ಮೇಲೆ ತುಂಡು ತುಂಡು ದೃಶ್ಯ. ಚಿಲ್ಲರೆ ದನಿಯವರಿಗೆ ಹಿಂದು ಮುಂದು ತೋರಿಸುವುದಿಲ್ಲ. ಟೀ ಮಾರುವವನಾದೆ, ಗ್ಯಾಲರಿಯಲ್ಲಿ ಶಿಳ್ಳೆ ಹಾಕುವವನಾದೆ. ಕೊನೆಗೆ ಕೆಂಪು ಚಡ್ಡಿ, ಮುಖ ಮುಚ್ಚುವ ಹೆಡ್‌ಗಾರ್ಡ್ ತೊಟ್ಟ ಒಬ್ಬ ಎದುರಾಳಿ ಬಂದ. ಡಬ್ಬಿಂಗ್ ಉಸ್ತುವಾರಿ ಹೇಳಿದರು, “ಗುರು, ಇವ್ನು ಬಿಲ್ಡಪ್ ಕೊಟ್ಟು ಮೊದಲ್ನೇ ರೌಂಡಲ್ಲೇ ಮಲ್ಕೊಳೋ ಗಿರಾಕಿ. ಜನ ಬಿದ್ದು ಬಿದ್ದು ನಗ್ಬೇಕು. ಸಕ್ಕತ್ತಾಗಿರೋ ವಾಯ್ಸ್ ಹಾಕು.” ಸೂಪರ್‌ವೈಸರ್ ದನಿ ಹಾಕಿದೆ. ತಲೆಯಾಡಿಸಿದರು. ನಮ್ಮ ಏರಿಯಾ ಲೀಡರ್ ದನಿ ಹಾಕಿದೆ. ಆಕಳಿಸಿದರು. ಇನ್ನು ಮರ್ಯಾದೆ ಪ್ರಶ್ನೆ ಎಂದು ಅಪ್ಪನನ್ನೇ ಹೊರಗೆ ತೆಗೆದೆ. “ಹ್ಞುಂ... ಬಾರ್ಲಾ, ನೋಡ್ಕೋತೀನಿ!” ಆಮೇಲೆ ಏಟು. ಆಮೇಲೆ “ಅಯ್ಯಯ್ಯೋ ಸಾಕಪ್ಪೋ, ನಮ್ಮವ್ವಾ!”

“ಇದೇ ಕಣೋ! ಎಲ್ಲಿಟ್ಟಿದ್ದೆ ಇದನ್ನ ಇಷ್ಟು ಹೊತ್ತು?” ಎಂದರು.

“ಮನೇಲಿ ಸಾರ್” ಎಂದೆ.

ಅದು ಅಪ್ಪನೇ ಇರಬಹುದೆಂಬ ಅನುಮಾನ ನಿನಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಬರಬೇಕು ಹೇಳಿ? ಪರದೆಯ ಮೇಲಿದ್ದವನು ಬೀಳುತ್ತಿದ್ದ. ಅಪ್ಪ ಬಿದ್ದವನಲ್ಲ. ಆದ್ದರಿಂದ ಅವನು ಅಪ್ಪನಲ್ಲ. ಹುಟ್ಟಿದಾಗಿನಿಂದ ನಾನು ಎಲ್ಲರನ್ನೂ ಗೇಲಿ ಮಾಡಿದ್ದೇನೆ, ಆದರೆ ಅಪ್ಪನ ಆ ಒಂದು ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ನಂಬಿದ್ದಕ್ಕೇ ಹೀಗಾಯಿತು. ಅನುಮಾನಿಸುವ ಮಗನಾಗಿದ್ದರೆ ಅಪ್ಪನ ಮಾನ ಉಳಿಯುತ್ತಿತ್ತು.

ಸಿನಿಮಾ ಬಿಡುಗಡೆಯಾದ ಭಾನುವಾರ ತುಮಕೂರು ರಸ್ತೆಯ ಮಾಲಿಗೆ ಅಪ್ಪ, ಅಮ್ಮ, ನಮ್ಮ ಶಿಫ್ಟಿನ ಹುಡುಗರನ್ನೆಲ್ಲ ಕರೆದುಕೊಂಡು ಹೋದೆ. ರಾಯಚೂರಿನ ಬಸವರಾಜ ನನ್ನ ಪಕ್ಕ ಕೂತ. ಮಷಿನ್ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವನ ಗಂಟಲಿಗೆ ಗುಟ್ಟು ಹೇಳುವುದೇ ಮರೆತುಹೋಗಿದೆ. ಅಪ್ಪ ಇಸ್ತ್ರಿ ಶರಟು ಹಾಕಿ ಮೀಸೆಗೆ ಬಣ್ಣ ಹಚ್ಚಿದ್ದ. ಮಧ್ಯಂತರ ಕಳೆದ ಮೇಲೆ ಪರದೆಯಲ್ಲಿ ಮೈಕು ಹಿಡಿದವನು ಕೂಗಿದ: “ಈ ಕಡೆ, ಬೆಂಗಳೂರಿನ ಕಾರ್ಖಾನೆ ತಂಡದ ಕೆಂಪಣ್ಣ!” ಅಪ್ಪ ಸೀಟಿನ ತುದಿಗೆ ಬಂದ. ಅಮ್ಮ ಅಭ್ಯಾಸಬಲದಿಂದ ಪಾಪ್‌ಕಾರ್ನ್ ಡಬ್ಬಿಯನ್ನು ಅವನ ಎಡಗೈಯಿಂದ ದೂರ ಸರಿಸಿದಳು.

ಕೆಂಪು ಚಡ್ಡಿ ಬಂತು. ನಾನು ದನಿ ಕೊಟ್ಟ ಅದೇ ಚಡ್ಡಿ. “ಹ್ಞುಂ... ಬಾರ್ಲಾ, ನೋಡ್ಕೋತೀನಿ!” ಒಂದು ಏಟು. “ಅಯ್ಯಯ್ಯೋ ಸಾಕಪ್ಪೋ, ನಮ್ಮವ್ವಾ!” ಕೆಂಪಣ್ಣ ಅಂಗಾತ ಬಿದ್ದ. ಥಿಯೇಟರಿಗೆ ಥಿಯೇಟರೇ ನಕ್ಕಿತು. ಕಲಾವಿದನಾಗಿ ನನ್ನ ಬದುಕಿನ ಮೊದಲ ಹೌಸ್‌ಫುಲ್ ಶೋ. ಅದರ ಮೇಲೆ ಬಸವರಾಜ ಎದ್ದು ನಿಂತು, “ಏ ತಮ್ಮಾ, ಇದು ನಿಮ್ಮಪ್ಪಾರ ದನೀನ ಐತಲ್ಲೋ! ಭಾರೀ ಮಾಡಿದ್ಯಲ್ಲೋ ಮಗನ!” ಎಂದು ಚಪ್ಪಾಳೆ ತಟ್ಟಿದ. ಹಿಂದಿನ ಸಾಲಿನವರೂ ತಟ್ಟಿದರು. ಅಪ್ಪ ಮಾತ್ರ ಪರದೆಯ ಮೇಲೆ ಮಲಗಿದ್ದ ತನ್ನನ್ನೇ ನೋಡುತ್ತಿದ್ದ, ಏಳುತ್ತಾನೇನೋ ಎಂದು ಕಾಯುವವನ ಹಾಗೆ.

ಮೆಟ್ರೋದಲ್ಲಿ ವಾಪಸು ಬರುವಾಗ ಅಪ್ಪ ನಿಂತೇ ಇದ್ದ. ಸೀಟು ಖಾಲಿ ಇದ್ದರೂ ಕೂರಲಿಲ್ಲ. ಪೀಣ್ಯ ದಾಟಿದ ಮೇಲೆ ಬಾಯಿ ಬಿಟ್ಟ. “ಮೂಗು ಒಡ್ದಿದ್ದು ಎರಡ್ನೇ ರೌಂಡಲ್ಲಿ ಕಣ್ಲಾ. ಮೊದಲ್ನೇ ರೌಂಡಿಗೇ ಆ ದನಿ ಎಲ್ಲಿಂದ ತಂದೆ?”

“ನೀನೇ ಅಂತ ಗೊತ್ತಿರ್ಲಿಲ್ಲ ಕಣಪ್ಪಾ.”

“ಅದಿರ್ಲಿ. ಬಿದ್ದಿದ್ರೆ ನಾನು ಎಂಗೆ ಕೂಗ್ತಿದ್ದೆ ಅಂತ ನಂಗೇ ಗೊತ್ತಿಲ್ಲ. ನಿಂಗೆ ಎಂಗ್ಲಾ ಗೊತ್ತಾಯ್ತು?”

ಅಮ್ಮ ಸಮಾಧಾನ ಮಾಡಲು ಹೋದಳು: “ಓಗ್ಲಿ ಬುಡಿ. ಬಿದ್ರೆ ಬಿದ್ರಿ. ಈಗೇನಾಯ್ತು?” ಆ ಮಹಾ ಬಾಕ್ಸರನಿಗೂ ಸಿಗದ ಜಾಗಕ್ಕೆ ಅಮ್ಮ ಹೊಡೆದಿದ್ದಳು. ಅಪ್ಪ ಮೆಲ್ಲಗೆ ಸೀಟಿನ ಮೇಲೆ ಕೂತ.

ಆಮೇಲೆ ಟೀಪಾಯಿ ತನ್ನ ಜಾಗ ಬಿಟ್ಟು ಕದಲಲಿಲ್ಲ. ಹಾಲಿನ ಬೂತಿನಲ್ಲಿ “ಏನಣ್ಣಾ, ಒಂದೇ ಏಟ್ಗೇನಾ?” ಎಂದು ಕೇಳುತ್ತಾರೆಂದು ಅಪ್ಪ ಪ್ಯಾಕೆಟ್ ಹಾಲು ತರುವುದನ್ನೇ ಬಿಟ್ಟ. ನಮ್ಮಪ್ಪ ಬಿದ್ದಿರಲಿಲ್ಲ ಎಂದು ನಾನು ಕ್ಯಾಂಟೀನಿನಲ್ಲಿ ವಾದಿಸಿದೆ. ಬಸವರಾಜ ಬಹಳ ಮರುಕದಿಂದ, “ಅಷ್ಟ್ ರೊಕ್ಕಾ ಹಾಕಿ ಸಿನಿಮಾ ತೆಗದಾರ. ಸುಳ್ಳ ಯಾಕ ತೋರಸ್ತಾರೋ ತಮ್ಮಾ?” ಎಂದ. ಸತ್ಯಕ್ಕೆ ಅಪ್ಪನ ಹತ್ತಿರ ಇದ್ದ ಬಜೆಟ್ಟು ಒಂದು ಸೊಟ್ಟ ಮೂಗು.

ನವೆಂಬರಿನಲ್ಲಿ ಕಾರ್ಖಾನೆಯ ರಾಜ್ಯೋತ್ಸವ ಬಂತು. ಧ್ವಜ ಏರಿಸಿದ ಮೇಲೆ ಆರ್ಕೆಸ್ಟ್ರಾ, ಅದರ ಮಧ್ಯೆ ನನ್ನ ಮಿಮಿಕ್ರಿ, ವರ್ಷವೂ ಇದೇ ಪದ್ಧತಿ. ಅವತ್ತು ಎಲ್ಲರೆದುರು ನಿಜ ಹೇಳಿ ಲೆಕ್ಕ ಚುಕ್ತಾ ಮಾಡುತ್ತೇನೆಂದು ಅಪ್ಪನನ್ನು ಹಟ ಹಿಡಿದು ಕರೆತಂದೆ. ಮುಂದಿನ ಸಾಲಿನಲ್ಲಿ ಕೂರಿಸಿದೆ. ಮೈಕು ಹಿಡಿದದ್ದೇ ತಡ, “ಬಾಕ್ಸರ್ ಐಟಂ! ಬಾಕ್ಸರ್ ಐಟಂ!” ಎಂಬ ಕೂಗು. ಒಳ್ಳೆಯದೇ ಆಯಿತು ಎಂದು ಅಪ್ಪನ ದನಿಯಲ್ಲೇ ಮೂರೂ ರೌಂಡು ನಿಜವಾಗಿ ನಡೆದ ಹಾಗೆ ಹೇಳಲು ಹೊರಟೆ. “ಹ್ಞುಂ...” ಎಂದೆ. ನಗು. “ಮೂಗು ಒಡೀತು” ಎಂದೆ. ಶಿಳ್ಳೆ. “ಆದ್ರೂ ನಾನು ಬೀಳ್ಲಿಲ್ಲ” ಎಂದೆ. ಜನ ಕುರ್ಚಿಯಿಂದ ಉರುಳಿ ಬಿದ್ದರು. ಸೂಪರ್‌ವೈಸರ್ ಕಣ್ಣೀರು ಒರೆಸಿಕೊಂಡರು. ಆ ದನಿಯಲ್ಲಿ ಇನ್ನು ಏನು ಹೇಳಿದರೂ ನಗುವಿಗೇ ಹೋಗಿ ಸೇರುತ್ತದೆ. ದಾರಿ ಮಾಡಿಕೊಟ್ಟವನು ನಾನು.

ಅಪ್ಪ ಎದ್ದು ನಿಂತ. ಯಾರ ಕಡೆಗೂ ನೋಡದೆ ಗೇಟಿನ ಕಡೆ ನಡೆದುಬಿಟ್ಟ.

ನಾನು ಅಪ್ಪನ ದನಿ ಬಿಟ್ಟೆ. ನನ್ನದೇ ದನಿಯಲ್ಲಿ ಹೇಳಿದೆ: “ನಮ್ಮಪ್ಪ ಬಿದ್ದಿಲ್ಲ. ಬೀಳಿಸಿದ್ದು ನಾನು.” ಎಲ್ಲರೂ ತಲೆ ಓರೆ ಮಾಡಿ, ಕಿವಿಗೊಟ್ಟು, ಹುಬ್ಬು ಗಂಟಿಕ್ಕಿ ಗಂಭೀರವಾಗಿ ಯೋಚಿಸತೊಡಗಿದರು. ಕೊನೆಗೂ ಮುಟ್ಟಿತು ಎಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಬಸವರಾಜ ಕೈಯೆತ್ತಿ ಕೇಳಿದ:

“ಏ ತಮ್ಮಾ, ಇದ್ಯಾರ ದನಿನೋ? ಗೊತ್ತಾಗ್ಲಿಲ್ಲ.”